‘ಸ್ವಲ್ಪ ವಾಕಿಂಗ್ ಮಾಡಿ’ ಅನ್ನೋ ಸಲಹೆ ಪಾರ್ಕಿನ್ಸನ್ಸ್‌ಗೆ ಸಾಲದು

1/10

ಮನೇಲಿ ಯಾರಿಗಾದ್ರೂ ಪಾರ್ಕಿನ್ಸನ್ಸ್ ಇದ್ಯಾ? ಹಾಗಿದ್ರೆ ಡ್ರಾಯರ್ ತೆಗೆದು, ಡಾಕ್ಟ್ರು ಕೊಟ್ಟ ಕೊನೇ ಚೀಟಿ ಒಂದ್ಸಲ ನೋಡಿ.

ಮಾತ್ರೆ ಬಗ್ಗೆ ಎಷ್ಟು ಕರಾರುವಾಕ್ಕಾಗಿ ಬರೆದಿರ್ತಾರೆ ಗಮನಿಸಿ. ಯಾವ ಮಾತ್ರೆ, ಎಷ್ಟು ಮಿಲಿಗ್ರಾಂ, ಅರ್ಧವೋ ಒಂದೋ, ಬೆಳಿಗ್ಗೆ ಎಷ್ಟು ಗಂಟೆಗೆ, ತಿಂಡಿಗೆ ಎಷ್ಟು ಹೊತ್ತು ಮುಂಚೆ. ಅದೆಲ್ಲ ಮುಗಿದ ಮೇಲೆ ಕೊನೇ ಸಾಲು: ‘ವಾಕಿಂಗ್ ಮಾಡಿ’. ಎಷ್ಟು ಹೊತ್ತು? ಎಷ್ಟು ಜೋರಾಗಿ? ಯಾವ ತೊಂದರೆಗೆ? ಏನೂ ಇಲ್ಲ. ಎಷ್ಟೋ ಚೀಟಿಗಳಲ್ಲಿ ಆ ಸಾಲೂ ಇರಲ್ಲ.

ನಾನು ಮನೆಗಳಿಗೆ ಹೋಗಿ ಫಿಸಿಯೋಥೆರಪಿ ಮಾಡಿಸೋಳು. ನನ್ನನ್ನ ಕರೆಯೋದು ಸಾಮಾನ್ಯವಾಗಿ ಯಾವಾಗ ಗೊತ್ತಾ? ಮೊದಲನೇ ಸಲ ಬಿದ್ದ ಮೇಲೆ. ಸೊಂಟಕ್ಕೋ ಮಣಿಕಟ್ಟಿಗೋ ಪೆಟ್ಟಾದ ಮೇಲೆ. ರೋಗ ಗೊತ್ತಾಗಿ ಐದಾರು ವರ್ಷ ಆಗಿರತ್ತೆ. ಆ ಐದಾರು ವರ್ಷ ಮಾತ್ರೆ ಒಂದು ಹೊತ್ತೂ ತಪ್ಪಿರಲ್ಲ. ವ್ಯಾಯಾಮ ಮಾತ್ರ ಶುರುವೇ ಆಗಿರಲ್ಲ, ಯಾಕಂದ್ರೆ ಅದನ್ನ ಚಿಕಿತ್ಸೆ ಅಂತ ಯಾರೂ ಹೇಳಿರಲ್ಲ.

ಈ ಹತ್ತು ಪೋಸ್ಟ್‌ಗಳಲ್ಲಿ ನಾನು ವಾದ ಮಾಡೋದು ಒಂದೇ ವಿಷಯಕ್ಕೆ. ಪಾರ್ಕಿನ್ಸನ್ಸ್‌ನಲ್ಲಿ ವ್ಯಾಯಾಮ ಮಾತ್ರೆಯ ಪಕ್ಕದಲ್ಲೇ ಕೂರಬೇಕಾದ ಚಿಕಿತ್ಸೆ. ಅದಕ್ಕೂ ಗುರಿ ಬೇಕು, ಪ್ರಮಾಣ ಬೇಕು, ಹೊತ್ತು ಬೇಕು. ಉದ್ದ ಇದೆ, ಸೇವ್ ಮಾಡಿಟ್ಕೊಂಡು ನಿಧಾನಕ್ಕೆ ಓದಿ.

2/10

ಮೊದಲು ಈ ರೋಗದಲ್ಲಿ ನಿಜಕ್ಕೂ ಏನು ಕೆಡತ್ತೆ ಅಂತ ತಿಳ್ಕೊಳ್ಳೋಣ. ಇಲ್ಲದಿದ್ರೆ ಮುಂದೆ ಹೇಳೋದು ಅರ್ಥ ಆಗಲ್ಲ.

ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಇದನ್ನ ವಿವರವಾಗಿ ಬರೆದಾಗ ‘ನಡುಗುವ ಪಾರ್ಶ್ವವಾಯು’ ಅನ್ನೋ ಅರ್ಥದ ಹೆಸರು ಕೊಟ್ಟ. ಇವತ್ತಿಗೂ ನಮಗೆ ಕಣ್ಣಿಗೆ ಬೀಳೋದು ನಡುಕವೇ. ಆದರೆ ಮನುಷ್ಯನ ಬದುಕನ್ನ ಚಿಕ್ಕದು ಮಾಡೋದು ನಡುಕಕ್ಕಿಂತ ಹೆಚ್ಚಾಗಿ ಉಳಿದವು: ನಿಧಾನ, ಬಿಗಿತ, ಪುಟ್ಟ ಹೆಜ್ಜೆ, ಸಮತೋಲ ತಪ್ಪೋದು.

ಮೆದುಳಿನ ಒಳಗೆ ಡೋಪಮೈನ್ ತಯಾರಿಸೋ ಜೀವಕೋಶಗಳು ಸಾಯ್ತಾ ಬರ್ತವೆ. ಡೋಪಮೈನ್ ಕಮ್ಮಿ ಆದಾಗ ಎರಡು ಕೆಲಸ ಹಾಳಾಗತ್ತೆ. ಒಂದು, ಯೋಚನೆ ಮಾಡದೇ ತನ್ನಷ್ಟಕ್ಕೆ ಆಗೋ ಚಲನೆ. ನಾವು ನಡೆಯೋವಾಗ ಕೈ ಬೀಸೋದಕ್ಕೆ ಯೋಚನೆ ಮಾಡ್ತೀವಾ? ಇಲ್ಲ. ಅವರು ಮಾಡಬೇಕಾಗತ್ತೆ. ಇನ್ನೊಂದು, ಚಲನೆಯ ಅಳತೆ. ಒಂದಡಿ ಹೆಜ್ಜೆ ಇಡು ಅಂತ ಹೇಳಬೇಕಾದ ಮೆದುಳು ಅರ್ಧ ಅಡಿಗೆ ಅಪ್ಪಣೆ ಕೊಡತ್ತೆ. ಅರ್ಧ ಅಡಿ ಇಟ್ಟ ಮೇಲೆ ‘ಸರಿಯಾಗೇ ಇಟ್ಟೆ’ ಅಂತ ಅಂದ್ಕೊಳ್ಳತ್ತೆ. ಇದು ಮುಖ್ಯ. ಅವರಿಗೆ ತಮ್ಮ ಹೆಜ್ಜೆ ಚಿಕ್ಕದಾಗಿದೆ ಅಂತ ಅನ್ನಿಸೋದೇ ಇಲ್ಲ. ದನಿ ಸಣ್ಣ ಆಗಿದೆ ಅಂತಲೂ ಅನ್ನಿಸಲ್ಲ. ‘ನಿಂಗೇ ಕಿವಿ ಕೇಳಲ್ಲ’ ಅಂತ ಹೆಂಡತಿ ಮೇಲೆ ರೇಗೋದು ಇದಕ್ಕೇ. ಎಷ್ಟು ಮನೆಗಳಲ್ಲಿ ಈ ಜಗಳ ಕೇಳಿದೀನೋ.

ಮಾತ್ರೆಯಲ್ಲಿರೋ ಲೆವೊಡೋಪಾ ಆ ಕೊರತೆಯನ್ನ ಕೆಲವು ಗಂಟೆ ತುಂಬತ್ತೆ. ಬಹಳ ದೊಡ್ಡ ಔಷಧಿ ಅದು, ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಕಳೆದುಹೋದ ಅಳತೆಯನ್ನ ಮತ್ತೆ ಕಲಿಸೋದು ಮಾತ್ರೆಯೊಂದರಿಂದ ಆಗಲ್ಲ. ಅದಕ್ಕೆ ಅಭ್ಯಾಸ ಬೇಕು. ಸಂಗೀತ ಪಾಠದಲ್ಲಿ ಶ್ರುತಿ ತಪ್ಪಿದ್ರೆ ಮೇಷ್ಟ್ರು ಎಷ್ಟು ಸಲ ಹಿಂದಕ್ಕೆ ಎಳೀತಾರೆ, ಆ ಥರದ ಅಭ್ಯಾಸ.

3/10

‘ವಾಕಿಂಗ್ ಮಾಡ್ತಾರಲ್ಲ, ಸಾಲ್ದಾ?’

ಸಂಜೆ ಬೀದಿ ಕೊನೆ ತನಕ ಹೋಗಿ, ಪರಿಚಯದವರ ಜಗಲಿ ಮೇಲೆ ಕೂತು, ವಾಪಸ್ ಬರೋ ವಾಕಿಂಗ್ ಮನಸ್ಸಿಗೆ ಒಳ್ಳೇದು. ಬಿಡಬೇಡಿ. ಆದರೆ ಪಾರ್ಕಿನ್ಸನ್ಸ್ ಮೇಲೆ ಪರಿಣಾಮ ಬೇಕಂದ್ರೆ ಎಷ್ಟು ಶ್ರಮ ಪಡ್ತೀವಿ ಅನ್ನೋದೂ ಲೆಕ್ಕಕ್ಕೆ ಬರತ್ತೆ.

ಅಮೆರಿಕದಲ್ಲಿ ನಡೆದು 2018ರಲ್ಲಿ ಪ್ರಕಟವಾದ ‘ಸ್ಪಾರ್ಕ್ಸ್’ ಅನ್ನೋ ಪ್ರಯೋಗ ನೋಡಿ. ರೋಗ ಹೊಸದಾಗಿ ಪತ್ತೆಯಾಗಿ, ಇನ್ನೂ ಮಾತ್ರೆ ಶುರು ಮಾಡದ 128 ಜನ. ಮೂರು ಗುಂಪು. ಒಂದು ಗುಂಪು ಟ್ರೆಡ್‌ಮಿಲ್ ಮೇಲೆ ತಮ್ಮ ಗರಿಷ್ಠ ಎದೆಬಡಿತದ 80ರಿಂದ 85 ಶೇಕಡಾ ತಲುಪೋ ಹಾಗೆ, ಇನ್ನೊಂದು 60ರಿಂದ 65 ಶೇಕಡಾ, ಮೂರನೇದು ಎಂದಿನ ಹಾಗೆ. ಆರು ತಿಂಗಳಾದ ಮೇಲೆ ಚಲನೆಯ ತೊಂದರೆಯನ್ನ ಅಂಕದಲ್ಲಿ ಅಳೆದರು. ಎಂದಿನ ಹಾಗಿದ್ದವರು ಸುಮಾರು 3 ಅಂಕ ಹಿಂದೆ ಹೋಗಿದ್ರು. ಜೋರಾಗಿ ನಡೆದವರು ಹೆಚ್ಚುಕಮ್ಮಿ ಇದ್ದಲ್ಲೇ ಇದ್ರು. ಮಧ್ಯಮ ಗುಂಪಿಗೆ ಸ್ಪಷ್ಟ ಲಾಭ ಕಾಣಲಿಲ್ಲ.

ಮಧ್ಯಮ ಗುಂಪೂ ನಡೆದೇ ಇತ್ತು, ಗಮನಿಸಿ.

ಮರುವರ್ಷ ನೆದರ್ಲೆಂಡ್ಸಿನಿಂದ ಇನ್ನೊಂದು ಬಂತು. 130 ಜನ, ಮನೆಯಲ್ಲೇ ನಿಂತ ಸೈಕಲ್ ಮೇಲೆ ವಾರಕ್ಕೆ ಮೂರು ಸಲ, 30ರಿಂದ 45 ನಿಮಿಷ, ಆರು ತಿಂಗಳು. ಹೋಲಿಕೆಗೆ ಇನ್ನೊಂದು ಗುಂಪಿಗೆ ಬರೀ ಮೈ ಎಳೆಯೋ ವ್ಯಾಯಾಮ. ಮಾತ್ರೆಯ ಪ್ರಭಾವ ಇಲ್ಲದ ಹೊತ್ತಲ್ಲಿ ಅಳೆದಾಗ ಎರಡು ಗುಂಪಿನ ನಡುವೆ 4.2 ಅಂಕದ ವ್ಯತ್ಯಾಸ, ಸೈಕಲ್ ಗುಂಪಿನ ಪರವಾಗಿ.

ವ್ಯಾಯಾಮ ರೋಗವನ್ನ ಗುಣ ಮಾಡತ್ತೆ ಅಂತ ನಾನು ಹೇಳ್ತಿಲ್ಲ. ಮೆದುಳಿನ ಒಳಗಿನ ಸವೆತವನ್ನೇ ನಿಲ್ಲಿಸತ್ತೆ ಅಂತ ಯಾರೂ ಸಾಬೀತು ಮಾಡಿಲ್ಲ. ಹಾಗಂತ ರೀಲ್ಸ್‌ನಲ್ಲಿ ಯಾರಾದ್ರೂ ಹೇಳಿದ್ರೆ ನಂಬಬೇಡಿ. ಆದರೆ ದಿನನಿತ್ಯದ ಚಲನೆ ಕುಸಿಯೋ ವೇಗದಲ್ಲಿ ವ್ಯತ್ಯಾಸ ಕಾಣಿಸತ್ತೆ, ಅದು ಸಣ್ಣ ವಿಷಯ ಏನಲ್ಲ. ತಾನೇ ಶರ್ಟಿನ ಗುಂಡಿ ಹಾಕ್ಕೊಳ್ಳೋ ವರ್ಷಗಳು ಇನ್ನೊಂದಿಷ್ಟು ಸಿಕ್ಕರೆ ಅದರ ಬೆಲೆ ಏನು ಅಂತ ಗುಂಡಿ ಹಾಕಿಸ್ಕೊಳ್ಳೋರನ್ನ ಕೇಳಿ.

4/10

ಹಾಗಾದ್ರೆ ನಾಳೆ ಬೆಳಿಗ್ಗೆ ಅಪ್ಪನ್ನ ಟ್ರೆಡ್‌ಮಿಲ್ ಹತ್ತಿಸಿ ಓಡಿಸ್ಬೇಕಾ? ದಯವಿಟ್ಟು ಬೇಡ.

ಆ ಪ್ರಯೋಗದಲ್ಲಿ ಇದ್ದವರ ಹೃದಯ ಪರೀಕ್ಷೆ ಮೊದಲೇ ಆಗಿತ್ತು. ನಮ್ಮಲ್ಲಿ ಅರವತ್ತು ದಾಟಿದವರಿಗೆ ಶುಗರ್, ಬಿಪಿ ಜೊತೆಗೇ ಇರೋದು ಮಾಮೂಲು. ಜೋರು ವ್ಯಾಯಾಮ ಶುರು ಮಾಡೋಕೆ ಮುಂಚೆ ಹೃದಯದ ಡಾಕ್ಟ್ರ ಒಪ್ಪಿಗೆ ಬೇಕೇ ಬೇಕು. ಪಾರ್ಕಿನ್ಸನ್ಸ್ ಇರೋರಿಗೆ ಕೂತಲ್ಲಿಂದ ಎದ್ದ ತಕ್ಷಣ ಬಿಪಿ ದಢಕ್ಕಂತ ಇಳಿಯೋದೂ ಉಂಟು, ಕಣ್ಣು ಕತ್ತಲೆ ಬಂದು ಬೀಳ್ತಾರೆ. ಕೂತಾಗೊಮ್ಮೆ, ನಿಂತಾಗೊಮ್ಮೆ ಬಿಪಿ ನೋಡಿಸಿ.

ಎದೆಬಡಿತ ಎಣಿಸೋದೂ ಎಲ್ಲರಿಗೂ ಸರಿಹೋಗಲ್ಲ. ಕೆಲವು ಬಿಪಿ ಮಾತ್ರೆಗಳು ಎದೆಬಡಿತ ಏರೋಕೇ ಬಿಡಲ್ಲ, ರೋಗವೂ ಕೆಲವೊಮ್ಮೆ ಹಾಗೇ ಮಾಡತ್ತೆ. ನಾನು ಹೇಳೋ ಅಳತೆ ಮಾತಿನದು. ಮಾತಾಡಬಹುದು ಆದರೆ ಹಾಡು ಹೇಳೋಕಾಗಲ್ಲ ಅಂದ್ರೆ ಮಧ್ಯಮ ಶ್ರಮ. ಮೂರ್ನಾಲ್ಕು ಪದಕ್ಕೊಂದ್ಸಲ ಉಸಿರು ತಗೋಬೇಕು ಅಂದ್ರೆ ಜೋರು. ಪೂರ್ತಿ ಕಥೆ ಹೇಳ್ತಾ ನಡೀತಿದಾರೆ ಅಂದ್ರೆ, ಅದು ಕಥೆ ಹೇಳೋದು!

ಮನೇಲಿ ಇಡೋಕೆ ನನಗೆ ಟ್ರೆಡ್‌ಮಿಲ್‌ಗಿಂತ ಎಕ್ಸರ್‌ಸೈಜ್ ಸೈಕಲ್ಲೇ ಇಷ್ಟ. ಬೀಳೋ ಭಯ ಕಮ್ಮಿ, ಮಳೆಗಾಲದಲ್ಲೂ ನಡೆಯತ್ತೆ, ನಮ್ಮ ಊರುಗಳ ಎದ್ದುಬಿದ್ದ ಫುಟ್‌ಪಾತ್ ಕಾಟ ಇಲ್ಲ. ಎಷ್ಟೋ ಮನೆಗಳಲ್ಲಿ ಬಟ್ಟೆ ಒಣಗಿಸೋಕೆ ಬಳಸ್ತಿರೋ ಸೈಕಲ್ ಒಂದು ಇದ್ದೇ ಇರತ್ತೆ, ಅದನ್ನೇ ಒರೆಸಿ ತೆಗೀರಿ. ಹತ್ತು ನಿಮಿಷದಿಂದ ಶುರು ಮಾಡಿ ವಾರವಾರ ಏರಿಸ್ತಾ ಹೋಗಿ.

ಹೊತ್ತು? ಮಾತ್ರೆ ಚೆನ್ನಾಗಿ ಕೆಲಸ ಮಾಡ್ತಿರೋ ಹೊತ್ತು. ಎಷ್ಟೋ ಜನ ‘ಬ್ರಾಹ್ಮೀ ಮುಹೂರ್ತದಲ್ಲೇ ಮಾಡ್ಬೇಕು’ ಅಂತ ಎದ್ದ ತಕ್ಷಣ ಶುರು ಮಾಡ್ತಾರೆ. ರಾತ್ರಿಯ ಮಾತ್ರೆ ಇಳಿದುಹೋಗಿ ಮೈ ಮರದ ಕೊರಡಿನ ಹಾಗಿರೋ ಹೊತ್ತದು. ಬೆಳಗಿನ ಮಾತ್ರೆ ಹಿಡಿದ ಮೇಲೆ ಮಾಡಿ. ಮುಹೂರ್ತ ಮಾತ್ರೆ ನೋಡ್ಕೊಂಡು ಇಡಿ.

5/10

ಚಿತ್ರದಲ್ಲಿ ಕಾಣ್ತಿರೋದು ರೆಡ್ ಆಕ್ಸೈಡ್ ನೆಲದ ಮೇಲೆ ಅಂಟಿಸಿದ ಹಳದಿ ಟೇಪ್. ಎಲೆಕ್ಟ್ರಿಕಲ್ ಅಂಗಡೀಲಿ ಸಿಗೋ ಮಾಮೂಲಿ ಟೇಪು. ಇದೂ ಚಿಕಿತ್ಸೆಯೇ.

ಪಾರ್ಕಿನ್ಸನ್ಸ್ ಮುಂದುವರಿದಾಗ ಕೆಲವರಿಗೆ ಪಾದ ನೆಲಕ್ಕೆ ಅಂಟಿದ ಹಾಗಾಗತ್ತೆ. ಹೆಚ್ಚಾಗಿ ಬಾಗಿಲ ಹತ್ತಿರ, ಇಕ್ಕಟ್ಟು ಜಾಗದಲ್ಲಿ, ತಿರುಗೋವಾಗ, ಯಾರಾದ್ರೂ ‘ಬೇಗ ಬನ್ನಿ’ ಅಂದಾಗ. ಮೇಲ್ಭಾಗ ಮುಂದಕ್ಕೆ ಹೋಗತ್ತೆ, ಕಾಲು ಬರಲ್ಲ, ಮುಗ್ಗರಿಸ್ತಾರೆ. ಮನೆಯವರು ಮಾಡೋ ಮೊದಲ ಕೆಲಸ ಕೈ ಹಿಡಿದು ಎಳೆಯೋದು. ಅದೊಂದು ಮಾಡಬೇಡಿ. ಎಳೆದ್ರೆ ಮೈ ಇನ್ನೂ ಮುಂದಕ್ಕೆ ಬಾಗತ್ತೆ, ಕಾಲು ಅಲ್ಲೇ ಇರತ್ತೆ.

ವಿಚಿತ್ರ ಏನಂದ್ರೆ, ಸಮತಟ್ಟಾದ ನೆಲದ ಮೇಲೆ ನಿಂತುಹೋಗೋ ಅದೇ ಮನುಷ್ಯ ಮೆಟ್ಟಿಲು ಸಲೀಸಾಗಿ ಹತ್ತಬಹುದು. 2010ರಲ್ಲಿ ಡಚ್ ವೈದ್ಯರು ಇನ್ನೂ ದೊಡ್ಡ ಅಚ್ಚರಿ ದಾಖಲಿಸಿದ್ರು: 58 ವರ್ಷದ ಒಬ್ಬ ವ್ಯಕ್ತಿ, ನಾಲ್ಕು ಹೆಜ್ಜೆ ನಡೆಯೋಕೂ ಕಷ್ಟ, ಆದರೆ ಸೈಕಲ್ ಮೇಲೆ ಕೂರಿಸಿದ್ರೆ ಆರಾಮಾಗಿ ಹೊಡ್ಕೊಂಡು ಹೋಗ್ತಿದ್ರು. ಪುಣೆ ಮೂಲದ ಡಿಸೈನರ್ ಮಿಲೇಹಾ ಸೊನೇಜಿ ತಮ್ಮ ಚಿಕ್ಕಪ್ಪನ ವಿಷಯದಲ್ಲಿ ಇದನ್ನೇ ಗಮನಿಸಿ, ಮೆಟ್ಟಿಲಿನ ಹಾಗೆ ಕಾಣೋ ಚಿತ್ರವನ್ನ ಮನೆಯ ನೆಲಕ್ಕೆ ಅಂಟಿಸಿದ್ರು. ಚಿಕ್ಕಪ್ಪ ಅದರ ಮೇಲೆ ನಡೆದ್ರು. ಅವರ ಭಾಷಣ ಯೂಟ್ಯೂಬಲ್ಲಿ ಇದೆ, ನೋಡಿ.

ಕಾರಣ ಹೀಗೆ: ತನ್ನಷ್ಟಕ್ಕೆ ನಡೆಸೋ ದಾರಿ ಕೆಟ್ಟಿದೆ, ಆದರೆ ಕಣ್ಣಿಗೆ ಒಂದು ಗುರಿ ಅಥವಾ ಕಿವಿಗೆ ಒಂದು ತಾಳ ಸಿಕ್ಕರೆ ಮೆದುಳು ಬೇರೆ ದಾರಿ ಬಳಸತ್ತೆ. ಅದಕ್ಕೇ ಟೇಪು. ಅವರ ಒಂದು ಒಳ್ಳೇ ಹೆಜ್ಜೆಯಷ್ಟು ದೂರಕ್ಕೊಂದು ಅಡ್ಡ ಗೆರೆ, ಬಚ್ಚಲಿಗೆ ಹೋಗೋ ದಾರೀಲಿ, ಬಾಗಿಲ ಎರಡೂ ಕಡೆ. ಗೆರೆ ದಾಟು ಅಂತ ಹೇಳ್ಕೊಡಿ, ನಡೀ ಅಂತ ಹೇಳಬೇಡಿ. ನಮ್ಮ ಹಳೇ ಮನೆಗಳ ಹೊಸ್ತಿಲು ಕೆಲವರಿಗೆ ಈ ಗೆರೆಯ ಕೆಲಸವನ್ನೇ ಮಾಡತ್ತೆ, ಕೆಲವರಿಗೆ ಅದೇ ಎಡವೋ ಕಲ್ಲು. ನಿಂತು ನೋಡಿ, ನಿಮ್ಮವರಿಗೆ ಯಾವುದು ಅಂತ ತಿಳ್ಕೊಳ್ಳಿ.

ಅಂಟಿಕೊಂಡಾಗ ಏನು ಮಾಡ್ಬೇಕು ಅನ್ನೋದನ್ನ ಅಂಟಿಕೊಳ್ಳದೇ ಇರೋವಾಗ ಅಭ್ಯಾಸ ಮಾಡ್ಬೇಕು. ನಿಲ್ಲಿ. ಮೈ ನೆಟ್ಟಗೆ ಮಾಡಿ. ಭಾರವನ್ನ ಒಂದು ಕಾಲಿಗೆ ಹಾಕಿ. ಇನ್ನೊಂದು ಕಾಲನ್ನ ದೊಡ್ಡದಾಗಿ ಎತ್ತಿ ಇಡಿ. ‘ಒಂದು, ಎರಡು’ ಅಂತ ಪಕ್ಕದಲ್ಲಿ ತಾಳ ಹಾಕಿ. ತಿರುಗೋವಾಗ ನಿಂತಲ್ಲೇ ಗಿರಕ್ಕನೆ ತಿರುಗದೇ, ದೇವಸ್ಥಾನದಲ್ಲಿ ಪ್ರದಕ್ಷಿಣೆ ಹಾಕೋ ಹಾಗೆ ಅಗಲವಾಗಿ ಸುತ್ತಿ ಬನ್ನಿ. ಈ ಕೊನೇದು ಎಷ್ಟು ಬೀಳೋದನ್ನ ತಪ್ಪಿಸತ್ತೆ ಅಂತ ಮನೆಮನೆಯಲ್ಲಿ ಕಂಡಿದೀನಿ.

6/10

ದನಿ ಮತ್ತು ಕೈಬರಹ. ಇವಕ್ಕೂ ವ್ಯಾಯಾಮ ಇದೆ ಅಂತ ಬಹಳ ಜನಕ್ಕೆ ಗೊತ್ತಿಲ್ಲ.

1980ರ ದಶಕದಲ್ಲಿ ಅಮೆರಿಕದಲ್ಲಿ ಪಾರ್ಕಿನ್ಸನ್ಸ್ ಇದ್ದ ಲೀ ಸಿಲ್ವರ್‌ಮನ್ ಅನ್ನೋ ಮಹಿಳೆಯ ಮನೆಯವರಿಗೆ ಇದ್ದ ಆಸೆ ಒಂದೇ, ಅವರ ಮಾತು ಕೇಳಿಸಿ ಅರ್ಥ ಆಗಬೇಕು ಅಂತ. ಅವರ ಹೆಸರಲ್ಲೇ ಒಂದು ದನಿ ಚಿಕಿತ್ಸೆ ಹುಟ್ಟಿತು. ವಾರಕ್ಕೆ ನಾಲ್ಕು ದಿನ, ನಾಲ್ಕು ವಾರ, ದಿನಕ್ಕೊಂದು ಗಂಟೆ. ಗುರಿ ಒಂದೇ ಪದದ್ದು: ಜೋರಾಗಿ. 2024ರಲ್ಲಿ ಬ್ರಿಟನ್ನಿನ 388 ಜನರ ಪ್ರಯೋಗದಲ್ಲಿ ಈ ವಿಧಾನ ಅಲ್ಲಿನ ಎಂದಿನ ಸ್ಪೀಚ್ ಥೆರಪಿಗಿಂತ ಚೆನ್ನಾಗಿ ಕೆಲಸ ಮಾಡ್ತು.

ತರಬೇತಾದ ಸ್ಪೀಚ್ ಥೆರಪಿಸ್ಟ್ ಸಿಕ್ಕರೆ ಬಿಡಬೇಡಿ. ಮೈಸೂರು ಕಡೆಯವರಿಗೆ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ ಇದೆ. ಸಿಗೋ ತನಕ ಪೇಪರಿನ ತಲೆಬರಹಗಳನ್ನ ದಿನಾ ಹತ್ತು ನಿಮಿಷ, ಅಡುಗೆಮನೆಗೆ ಕೇಳೋ ಹಾಗೆ ಗಟ್ಟಿಯಾಗಿ ಓದಿಸಿ. ಅವರಿಗೆ ‘ಕಿರುಚ್ತಿದೀನಿ’ ಅನ್ನಿಸತ್ತೆ. ಮೊಬೈಲಲ್ಲಿ ರೆಕಾರ್ಡ್ ಮಾಡಿ ಕೇಳಿಸಿ, ಮಾಮೂಲಿ ದನಿ ಅಷ್ಟೇ ಅಂತ ಅವರಿಗೇ ಗೊತ್ತಾಗತ್ತೆ. ಒಬ್ಬ ನಿವೃತ್ತ ಮೇಷ್ಟ್ರಿಗೆ ನಾನು ಹೇಳಿದ್ದು ಇಷ್ಟೇ: ‘ಕೊನೇ ಬೆಂಚಿಗೆ ಕೇಳಿಸ್ಬೇಕು ಸಾರ್.’ ಆಮೇಲೆ ಏನೂ ವಿವರಿಸಬೇಕಾಗಲಿಲ್ಲ.

ಬರೀತಾ ಬರೀತಾ ಅಕ್ಷರ ಸಾಸಿವೆ ಆಗ್ತಿದ್ರೆ ಒಂದನೇ ಕ್ಲಾಸಿನ ಕಾಪಿ ಪುಸ್ತಕ ತನ್ನಿ. ಗೆರೆ ಮುಟ್ಟೋ ಹಾಗೆ ದೊಡ್ಡದಾಗಿ.

7/10

ಬಲ ಮತ್ತು ಸಮತೋಲದ ಬಗ್ಗೆ.

ಅಮೆರಿಕದ ಪಾರ್ಕಿನ್ಸನ್ಸ್ ಫೌಂಡೇಶನ್ 2021ರಲ್ಲಿ ಕ್ರೀಡಾ ವೈದ್ಯರ ಸಂಸ್ಥೆಯ ಜೊತೆ ಸೇರಿ ಒಂದು ಪ್ರಮಾಣ ಹೇಳಿತು. ಏದುಸಿರು ಬರಿಸೋದು ವಾರಕ್ಕೆ ಮೂರು ದಿನ, ಬಲದ್ದು ಎರಡರಿಂದ ಮೂರು ದಿನ, ಸಮತೋಲದ್ದು ಎರಡರಿಂದ ಮೂರು ದಿನ ಮತ್ತು ಆದರೆ ದಿನಾ, ಮೈ ಎಳೆಯೋದು ದಿನಾ ಮಾಡಿದ್ರೆ ಒಳ್ಳೇದು. ಒಟ್ಟು ವಾರಕ್ಕೆ 150 ನಿಮಿಷ. ಮಾತ್ರೆ ಚೀಟಿಯ ಭಾಷೆ ಇದು, ನೋಡಿ. ಇಂಥದ್ದನ್ನೇ ನಾನು ಕೇಳ್ತಿರೋದು.

2012ರಲ್ಲಿ ಆರೆಗಾನಿನಲ್ಲಿ 195 ಜನರ ಮೇಲೆ ತಾಯ್‌ಚೀ ಪ್ರಯೋಗ ಆಯ್ತು. ವಾರಕ್ಕೆರಡು ಸಲ, ಒಂದೊಂದು ಗಂಟೆ, 24 ವಾರ. ಬರೀ ಮೈ ಎಳೆದವರಿಗಿಂತ ಅವರು ಕಮ್ಮಿ ಬಿದ್ದರು. ನಮಗೆ ತಾಯ್‌ಚೀನೇ ಆಗಬೇಕಿಲ್ಲ. ಅದರೊಳಗಿನ ಸಾರ ಏನು? ಭಾರವನ್ನ ನಿಧಾನಕ್ಕೆ ಒಂದು ಕಾಲಿಂದ ಇನ್ನೊಂದಕ್ಕೆ ದಾಟಿಸೋದು. ಅಡುಗೆಮನೆ ಕಟ್ಟೆ ಹಿಡಿದು ಇದನ್ನ ಮಾಡಬಹುದು, ಹಿಂದೆ ಒಬ್ಬರು ನಿಂತಿರಲಿ. ಪಾರ್ಕಿನ್ಸನ್ಸ್‌ನಲ್ಲಿ ಹಿಂದಕ್ಕೆ ಬೀಳೋದೂ ಉಂಟು, ಅದಕ್ಕೇ ಹಿಂದೆ.

ಕುರ್ಚಿಯಿಂದ ಏಳೋದನ್ನ ನಾನು ಎಲ್ಲರಿಗೂ ಹೇಳ್ಕೊಡ್ತೀನಿ. ತುದಿಗೆ ಸರಿಯಿರಿ, ಪಾದ ಹಿಂದಕ್ಕೆಳೀರಿ, ಮೂಗು ಕಾಲ್ಬೆರಳ ಮೇಲೆ ಬರೋವಷ್ಟು ಬಗ್ಗಿ, ಏಳಿ. ದಿನಕ್ಕೆ ಹತ್ತು ಹತ್ತರ ಮೂರು ಸುತ್ತು. ತೊಡೆಗೆ ಬಲ ಬಂದ್ರೆ ಬಚ್ಚಲಲ್ಲಿ ಒಬ್ಬರನ್ನ ಕೂಗೋದು ತಪ್ಪತ್ತೆ. ಅರವತ್ತೈದು ವರ್ಷದ ಮನುಷ್ಯನಿಗೆ ಬಚ್ಚಲಿಗೆ ಮಗನನ್ನ ಕೂಗಬೇಕಾಗಿ ಬರೋದು ಎಂಥದ್ದು ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

8/10

ಈಗ ಕಷ್ಟದ ಮಾತು. ಇದು ಮನೆಯವರಿಗೆ.

ನಮ್ಮ ಮನೆಗಳಲ್ಲಿ ಪಾರ್ಕಿನ್ಸನ್ಸ್ ಇರೋರಿಗೆ ದಿನವಿಡೀ ಕಿವಿಗೆ ಬೀಳೋ ಮಾತು ಯಾವುದು? ‘ನೀವು ಕೂತ್ಕೊಳ್ಳಿ, ನಾನು ಮಾಡ್ತೀನಿ.’ ಲೋಟ ನಾವೇ ಹಿಡೀತೀವಿ. ಚಪ್ಪಲಿ ನಾವೇ ಹಾಕ್ತೀವಿ. ಅನ್ನ ಕಲಸಿಕೊಡ್ತೀವಿ. ಬಂದವರ ಹತ್ರ ಅವರ ಪರವಾಗಿ ನಾವೇ ಮಾತಾಡ್ತೀವಿ. ಪ್ರೀತಿಯಿಂದಲೇ ಮಾಡೋದು, ಅದರಲ್ಲಿ ಅನುಮಾನ ಇಲ್ಲ. ಜೊತೆಗೆ ನಮಗೂ ಆಫೀಸಿಗೆ ಹೊತ್ತಾಗಿರತ್ತೆ, ಅವರು ಗುಂಡಿ ಹಾಕ್ಕೊಳ್ಳೋ ಹತ್ತು ನಿಮಿಷ ಕಾಯೋ ತಾಳ್ಮೆ ಇರಲ್ಲ. ಆದರೆ ಬಳಸದ ಸ್ನಾಯು ಸೊರಗತ್ತೆ, ಬಳಸದ ಚಲನೆ ಮರೆತುಹೋಗತ್ತೆ. ರೋಗ ಕಸಿದುಕೊಳ್ಳೋಕೆ ಮುಂಚೆ ನಾವು ಕಸಿದುಕೊಂಡಿರ್ತೀವಿ.

ಹೆಂಗಸರ ವಿಷಯದಲ್ಲಿ ಇದು ಇನ್ನೊಂಥರ. ಗಂಡಸಿಗೆ ರೋಗ ಬಂದ್ರೆ ಹೆಂಡತಿ ಪಾರ್ಕಿಗೆ ಕರ್ಕೊಂಡು ಹೋಗ್ತಾರೆ, ಕೈ ಹಿಡೀತಾರೆ, ನನಗೆ ಫೋನ್ ಮಾಡ್ತಾರೆ. ಹೆಂಗಸಿಗೆ ಬಂದ್ರೆ? ‘ಮನೆ ಕೆಲಸ ಮಾಡ್ತಾಳಲ್ಲ, ಅದೇ ವ್ಯಾಯಾಮ’ ಅಂತಾರೆ. ಅಲ್ಲ, ಸ್ವಾಮಿ. ಒಲೆ ಮುಂದೆ ಬಗ್ಗಿ ನಿಂತು ಎರಡು ಗಂಟೆ ಕಳೆದ್ರೆ ಬಗ್ಗಿದ ಬೆನ್ನು ಇನ್ನಷ್ಟು ಬಗ್ಗತ್ತೆ. ಅವಳಿಗೂ ದಿನಕ್ಕೆ ನಲವತ್ತು ನಿಮಿಷ ಬೇಕು, ಆ ಹೊತ್ತಲ್ಲಿ ಯಾರೂ ಕಾಫಿ ಕೇಳಬಾರದು. ಕೆಲವು ದಿನ ಆದ ಮೇಲೆ ಸಾರಿನ ಪಾತ್ರೆ ಕೈಜಾರಿತು ಅಂತ ಅಡುಗೆಮನೆಗೇ ಬರಬೇಡಿ ಅಂತಾರೆ. ಆಗ ಅವಳ ಪಾಲಿಗೆ ಉಳಿಯೋದು ಟಿವಿ ಮುಂದಿನ ಕುರ್ಚಿ. ಬಿಸಿ ಪಾತ್ರೆ ನೀವು ಇಳಿಸಿ. ಚಪಾತಿ ಅವರೇ ಲಟ್ಟಿಸಲಿ, ಅಗಲವಾಗಿ, ಎರಡೂ ಕೈಯಲ್ಲಿ.

ಇನ್ನೊಂದು ಮಾತು ಪದೇ ಪದೇ ಕೇಳ್ತೀನಿ: ‘ಹೇಳಿದ್ರೂ ಮಾಡಲ್ಲ, ಸೋಮಾರಿ ಆಗ್ಬಿಟ್ಟಿದಾರೆ.’ ಡೋಪಮೈನ್ ಬರೀ ಕೈಕಾಲಿನ ವಿಷಯ ಅಲ್ಲ, ಯಾವುದೇ ಕೆಲಸಕ್ಕೆ ಎದ್ದೇಳೋ ಮನಸ್ಸಿಗೂ ಅದು ಬೇಕು. ನಿರುತ್ಸಾಹ, ಖಿನ್ನತೆ ಈ ರೋಗದ ಲಕ್ಷಣಗಳೇ. ಮುಖದ ಸ್ನಾಯು ಬಿಗಿಯಾಗಿರೋದರಿಂದ ಖುಷಿಯಾದ್ರೂ ನಗು ಕಾಣಲ್ಲ, ನಾವು ‘ಮುಖ ಗಂಟು ಹಾಕ್ಕೊಂಡಿದಾರೆ’ ಅಂತೀವಿ. ಬೈಯೋದನ್ನ ಬಿಟ್ಟು ಜೊತೆಗೆ ನಿಂತ್ಕೊಳ್ಳಿ. ತಿಂಗಳುಗಟ್ಟಲೆ ಸಪ್ಪೆ ಇದ್ರೆ ಡಾಕ್ಟ್ರಿಗೆ ಹೇಳಿ, ಅದಕ್ಕೂ ಚಿಕಿತ್ಸೆ ಇದೆ.

9/10

‘ನಾವು ಯೋಗ ಮಾಡ್ತೀವಿ ಮೇಡಂ.’ ಒಳ್ಳೇದು. 2019ರಲ್ಲಿ ಹಾಂಗ್‌ಕಾಂಗ್‌ನಲ್ಲಿ 138 ಜನರ ಮೇಲೆ ಮಾಡಿದ ಪ್ರಯೋಗದಲ್ಲಿ ಯೋಗ ಆತಂಕ, ಖಿನ್ನತೆ ಇಳಿಸೋದರಲ್ಲಿ ಮಾಮೂಲಿ ವ್ಯಾಯಾಮಕ್ಕಿಂತ ಮುಂದಿತ್ತು, ಚಲನೆಯ ವಿಷಯದಲ್ಲಿ ಅದಕ್ಕೆ ಸಮನಾಗಿತ್ತು. ಆದರೆ ನಿಮ್ಮ ಯೋಗ ಅಂದ್ರೆ ಚಾಪೆ ಮೇಲೆ ಕೂತು ಇಪ್ಪತ್ತು ನಿಮಿಷ ಪ್ರಾಣಾಯಾಮ ಮಾತ್ರ ಆಗಿದ್ರೆ, ಮೇಲೆ ಹೇಳಿದ ಏದುಸಿರಿನ ಲೆಕ್ಕ, ಹೆಜ್ಜೆಯ ಲೆಕ್ಕ ಇನ್ನೂ ಬಾಕಿ ಇದೆ. ಎರಡೂ ಮಾಡಿ.

ಬೇರೆ ಕಡೆ ಜನ ಏನೇನು ಮಾಡಿದಾರೆ ನೋಡಿ. ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ 2006ರಲ್ಲಿ ಪಾರ್ಕಿನ್ಸನ್ಸ್ ಇದ್ದ ವಕೀಲರೊಬ್ಬರು ಬಾಕ್ಸಿಂಗ್ ತರಗತಿಯನ್ನೇ ಶುರು ಮಾಡಿದ್ರು, ಎದುರಾಳಿ ಇಲ್ಲದ, ಚೀಲಕ್ಕೆ ಗುದ್ದೋ ಬಾಕ್ಸಿಂಗ್. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ 2001ರಿಂದ ಮಾರ್ಕ್ ಮೋರಿಸ್ ನೃತ್ಯ ತಂಡ ಇವರಿಗೇ ಅಂತ ನೃತ್ಯ ತರಗತಿ ನಡೆಸ್ತಿದೆ.

ನಮಗೆ ಏನು ಸರಿ ಅಂತ ಯೋಚನೆ ಮಾಡಿದಾಗಲೆಲ್ಲ ನನಗೆ ನೆನಪಾಗೋದು ಕೋಲಾಟ. ತಾಳ ಇದೆ. ಕೈ ದೊಡ್ಡದಾಗಿ ಬೀಸ್ಬೇಕು. ಭಾರ ಕಾಲಿಂದ ಕಾಲಿಗೆ ಬದಲಾಗತ್ತೆ. ಎದುರಿನವರ ಕೋಲು ಎಲ್ಲಿ ಬರತ್ತೆ ಅಂತ ಕಣ್ಣಿಡಬೇಕು, ಜೊತೆಗೆ ಬಾಯಲ್ಲಿ ಹಾಡು. ಇದು ನನ್ನ ಅಭಿಪ್ರಾಯ, ಇದರ ಮೇಲೆ ಪ್ರಯೋಗ ಆಗಿದೆ ಅಂತ ಹೇಳ್ತಿಲ್ಲ. ನಿಲ್ಲೋಕೆ ಭಯ ಇರೋರಿಗೆ ಕುರ್ಚಿ ಮೇಲೆ ಕೂತೇ ಆಡಿಸಬಹುದು. ಬಡಾವಣೆಯ ಮಹಿಳಾ ಸಮಾಜಕ್ಕೆ, ಹಿರಿಯ ನಾಗರಿಕರ ವೇದಿಕೆಗೆ ಒಂದು ಜೊತೆ ಕೋಲು, ಹರಡದೇ ಇರೋ ನೆಲ, ಪಕ್ಕದಲ್ಲಿ ನಿಲ್ಲೋಕೆ ಇಬ್ಬರು. ದೊಡ್ಡ ಖರ್ಚೇನಿಲ್ಲ.

ಗುಂಪು ಬೇಕು ಅನ್ನೋದಕ್ಕೆ ಇನ್ನೊಂದು ಕಾರಣ ಇದೆ. ನಡುಗೋ ಕೈ ಕಂಡು ಜನ ಏನಂದ್ಕೊಳ್ತಾರೋ ಅಂತ ಮದುವೆ ಮುಂಜಿಗೆ ಹೋಗೋದನ್ನೇ ಬಿಟ್ಟವರು ಬಹಳ. ಎಲ್ಲರ ಕೈಯೂ ನಡುಗೋ ಕೋಣೆಯಲ್ಲಿ ಆ ನಾಚಿಕೆ ಇರಲ್ಲ. ಮುಂಬೈ ಮೂಲದ ಪಾರ್ಕಿನ್ಸನ್ಸ್ ಡಿಸೀಸ್ ಅಂಡ್ ಮೂವ್‌ಮೆಂಟ್ ಡಿಸಾರ್ಡರ್ ಸೊಸೈಟಿ 2001ರಿಂದ ಇಂಥ ಬೆಂಬಲ ಗುಂಪುಗಳನ್ನ ಕಟ್ತಾ ಬಂದಿದೆ. ನಿಮ್ಮ ಊರಿನ ಹತ್ತಿರ ಇದ್ಯಾ ವಿಚಾರಿಸಿ.

10/10

ಮುಂದಿನ ಸಲ ನ್ಯೂರಾಲಜಿ ಡಾಕ್ಟ್ರ ಹತ್ರ ಹೋದಾಗ, ಚೀಟಿ ಕೈಗೆ ಬರೋಕೆ ಮುಂಚೆ, ಹೀಗೆ ಕೇಳಿ.

‘ಡಾಕ್ಟ್ರೇ, ಇವರಿಗೆ ಈಗ ಎಲ್ಲಕ್ಕಿಂತ ಹೆಚ್ಚು ತೊಂದರೆ ಯಾವುದು? ಹೆಜ್ಜೆಯಾ, ಸಮತೋಲನಾ, ದನಿಯಾ? ಅದಕ್ಕೆ ಯಾವ ವ್ಯಾಯಾಮ, ವಾರಕ್ಕೆ ಎಷ್ಟು ದಿನ? ಜೋರಾಗಿ ಮಾಡೋಕೆ ಹೃದಯ, ಬಿಪಿ ಒಪ್ಪತ್ತಾ? ಫಿಸಿಯೋ ಹತ್ರ ಕಳಿಸ್ತೀರಾ?’

ಹೊರಗೆ ನಲವತ್ತು ಜನ ಕಾಯ್ತಿರ್ತಾರೆ, ಡಾಕ್ಟ್ರಿಗೆ ಹೊತ್ತಿರಲ್ಲ, ನನಗೂ ಗೊತ್ತು. ಹಾಗಾಗಿ ಒಂದು ಹಾಳೆಯಲ್ಲಿ ಬರ್ಕೊಂಡು ಹೋಗಿ, ಮುಂದೆ ಇಡಿ. ಬಿದ್ದಿದ್ರೆ ಎಲ್ಲಿ, ಯಾವ ಹೊತ್ತಲ್ಲಿ, ಮಾತ್ರೆ ತಗೊಂಡು ಎಷ್ಟು ಹೊತ್ತಾಗಿತ್ತು, ಅದನ್ನೂ ಬರೀರಿ. ನಡೆಯೋದರ ಒಂದು ನಿಮಿಷದ ವಿಡಿಯೋ ಮೊಬೈಲಲ್ಲಿ ಇರಲಿ, ಯಾಕಂದ್ರೆ ಡಾಕ್ಟ್ರ ಕೋಣೆಯಲ್ಲಿ ಎಲ್ಲರೂ ಮನೆಗಿಂತ ಚೆನ್ನಾಗಿ ನಡೀತಾರೆ! ಪರೀಕ್ಷೆ ಹಾಲಿನ ಗುಣ ಅದು.

ಫಿಸಿಯೋ ಹತ್ರ ಹೋದ ಮೇಲೆ ಅವರನ್ನೂ ಕೇಳಿ. ಬರೀ ಬಿಸಿಶಾಖ, ಕರೆಂಟು ಇಟ್ಟು ಕಳಿಸ್ತಿದ್ರೆ ‘ಹೆಜ್ಜೆಗೆ ಏನು ಮಾಡಿಸ್ತೀರಾ, ಸಮತೋಲಕ್ಕೆ ಏನು ಮಾಡಿಸ್ತೀರಾ’ ಅಂತ ಕೇಳೋ ಹಕ್ಕು ನಿಮಗಿದೆ. ನಮ್ಮ ವೃತ್ತಿಯವರಿಗೆ ಇದು ಇಷ್ಟ ಆಗಲಿಕ್ಕಿಲ್ಲ, ಇರಲಿ. ತಾಲ್ಲೂಕು ಊರುಗಳಲ್ಲಿ ಇರೋರು ತಿಂಗಳಿಗೊಮ್ಮೆ ಬಂದು ಪಟ್ಟಿ ಬರೆಸ್ಕೊಂಡು ಹೋಗಿ ಮನೇಲಿ ಮಾಡಿದ್ರೂ ನಡೆಯತ್ತೆ, ಪ್ರತಿ ದಿನ ಯಾರೋ ಮನೆಗೆ ಬಂದು ದುಡ್ಡು ತಗೊಂಡು ಹೋಗಲೇಬೇಕು ಅಂತಿಲ್ಲ. ಪಟ್ಟಿ ಮಾತ್ರ ಮೂರು ತಿಂಗಳಿಗೊಮ್ಮೆ ಬದಲಾಗಬೇಕು, ಮೈ ಬದಲಾಗ್ತಿರತ್ತೆ.

ರೋಗ ಈಗಷ್ಟೇ ಪತ್ತೆಯಾಗಿದ್ರೆ, ‘ಇನ್ನೂ ಚೆನ್ನಾಗೇ ಇದೀನಲ್ಲ’ ಅನ್ನಿಸ್ತಿದ್ರೆ, ಈ ಹತ್ತೂ ಪೋಸ್ಟ್ ಎಲ್ಲರಿಗಿಂತ ಮೊದಲು ನಿಮಗೆ. ಸ್ಪಾರ್ಕ್ಸ್ ಪ್ರಯೋಗದಲ್ಲಿ ಇದ್ದವರು ನಿಮ್ಮಂಥವರೇ.

ನಿಮ್ಮ ಮನೆಯವರ ಹೆಜ್ಜೆ ಎಲ್ಲಿ ಅಂಟಿಕೊಳ್ಳತ್ತೆ? ಬಚ್ಚಲ ಬಾಗಿಲಾ, ದೇವರ ಕೋಣೆಯಾ, ಮಂಚದ ಪಕ್ಕಾನಾ? ಕಾಮೆಂಟಲ್ಲಿ ಬರೀರಿ, ಟೇಪು ಎಲ್ಲಿ ಹಾಕೋದು ಅಂತ ಅಲ್ಲೇ ಮಾತಾಡೋಣ. ಮುಂದಿನ ಸರಣಿ ಊಟ ನುಂಗೋ ತೊಂದರೆ ಬಗ್ಗೆ.

#ಪಾರ್ಕಿನ್ಸನ್ಸ್ #ಕನ್ನಡದಲ್ಲಿಆರೋಗ್ಯ #ಫಿಸಿಯೋಥೆರಪಿ #ದೊಡ್ಡಹೆಜ್ಜೆ